ಪ್ಲಾಸ್ಮಾ ಬದಲಿಸುವಾಗ ರಕ್ತ ತೆಳುವಾಗಿಸುವ ಮಾತ್ರೆಯ ಲೆಕ್ಕ

ಕಾಸರಗೋಡು ಜಿಲ್ಲೆಯ ಕುಂಜತ್ತೂರಿನವರು ದೊಡ್ಡ ಕಾಯಿಲೆ ಬಂದರೆ ತಲಪಾಡಿಯಲ್ಲಿ ಕರ್ನಾಟಕದ ಗಡಿ ದಾಟಿ ದೇರಳಕಟ್ಟೆಗೋ ಮಂಗಳೂರಿಗೋ ಹೋಗುವುದು ವಾಡಿಕೆ. 2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದ ಆ ಗಡಿ ಮುಚ್ಚಿದಾಗ ರೋಗಿಗಳು ಪಟ್ಟ ಪಾಡು ಊರಿಗೆಲ್ಲ ಗೊತ್ತು. ಹೀಗಾಗಿ ಹೃದಯಕ್ಕೆ ರಕ್ತ ತೆಳುವಾಗಿಸುವ ಮಾತ್ರೆ ಬರೆದವರು ಒಂದು ಕಡೆ, ರಕ್ತ ಹೆಪ್ಪುಗಟ್ಟಲು ಹಿಡಿಯುವ ಹೊತ್ತಿನ ಅಳತೆಯಾದ ಐಎನ್‌ಆರ್ ನೋಡುವ ಲ್ಯಾಬ್ ಉಪ್ಪಳದಲ್ಲೋ ಹೊಸಂಗಡಿಯಲ್ಲೋ, ಪ್ಲಾಸ್ಮಾ ಬದಲಿಸುವವರು ಮತ್ತೊಂದು ಕಡೆ. ಒಬ್ಬರ ಮಾಹಿತಿ ಇನ್ನೊಬ್ಬರಿಗೆ ಮುಟ್ಟಿಸುವ ಕೆಲಸ ಮನೆಯವರದೇ.

2025ರ ಜನವರಿಯಲ್ಲಿ ಪುಣೆಯಲ್ಲಿ ಪ್ರಕರಣಗಳು ಹೆಚ್ಚಿ ಸುದ್ದಿಯಾದ ಜಿಬಿಎಸ್ (ನರಗಳಿಗೆ ಬರುವ ಕಾಯಿಲೆ), ಸ್ನಾಯು ಸೋಲುವ ಮಯಸ್ತೇನಿಯಾ, ಸಣ್ಣ ರಕ್ತನಾಳಗಳಲ್ಲಿ ರಕ್ತ ಕಟ್ಟುವ ಟಿಟಿಪಿಯಂಥ ಕಾಯಿಲೆಗಳಿಗೆ ಪ್ಲಾಸ್ಮಾ ಬದಲಿಸುವ ಚಿಕಿತ್ಸೆ ಕೊಡುತ್ತಾರೆ. ಯಂತ್ರ ರಕ್ತದಿಂದ ಪ್ಲಾಸ್ಮಾ ಬೇರ್ಪಡಿಸಿ ಹೊರಹಾಕಿ, ಬದಲಿ ದ್ರವ ಸೇರಿಸಿ ರಕ್ತಕಣಗಳನ್ನು ದೇಹಕ್ಕೆ ಮರಳಿಸುತ್ತದೆ. 60 ಕಿಲೋ ತೂಕದವರಲ್ಲಿ ಪ್ಲಾಸ್ಮಾ ಸುಮಾರು ಎರಡೂವರೆ ಲೀಟರ್. ಒಂದು ಸರದಿಯಲ್ಲಿ ಅಷ್ಟೋ ಅದರ ಒಂದೂವರೆ ಪಟ್ಟೋ ತೆಗೆಯುತ್ತಾರೆ. ಕಾಯಿಲೆ ತರುವ ಪ್ರತಿಕಾಯಗಳ ಜೊತೆಗೆ ರಕ್ತ ಹೆಪ್ಪುಗಟ್ಟಿಸುವ ಅಂಶಗಳೂ ಹೋಗಿಬಿಡುತ್ತವೆ.

ಮೊದಲು, ನುಂಗುವ ಮಾತ್ರೆಗಳನ್ನೆಲ್ಲ ಪಟ್ಟಿಯೊಂದಿಗೇ ಕೊಂಡೊಯ್ಯಿರಿ. ವಾರ್ಫರಿನ್, ಅಸಿಟ್ರೋಮ್, ಆಸ್ಪಿರಿನ್, ಕ್ಲೋಪಿಡೋಗ್ರೆಲ್, ಅಪಿಕ್ಸಬಾನ್ ಯಾವುದೇ ಇರಲಿ, ಕೊನೆಯ ಬಾರಿ ನುಂಗಿದ ಹೊತ್ತು ಬರೆದಿಡಿ. ಕಷಾಯ, ನೋವಿನ ಮಾತ್ರೆಗಳನ್ನೂ ಮುಚ್ಚಿಡಬೇಡಿ. ಕುತ್ತಿಗೆ ಅಥವಾ ತೊಡೆಸಂದಿಯ ದೊಡ್ಡ ರಕ್ತನಾಳಕ್ಕೆ ಕ್ಯಾತಿಟರ್ (ನಳಿಕೆ) ಹಾಕುವ ಮುನ್ನ ವೈದ್ಯರಿಗೆ ಇದು ತಿಳಿದಿರಲೇಬೇಕು.

ಆಮೇಲೆ ಕೇಳಬೇಕಾದ್ದು ಒಂದೇ ಪ್ರಶ್ನೆ: ‘ತೆಗೆದ ಪ್ಲಾಸ್ಮಾಕ್ಕೆ ಬದಲಾಗಿ ಏನು ಕೊಡುತ್ತೀರಿ?’ ನನ್ನ ಮಟ್ಟಿಗೆ ಇಡೀ ವಿಷಯದ ಕೀಲಿ ಇದೇ. ಆಲ್ಬುಮಿನ್ ಕೊಟ್ಟರೆ ಹೆಪ್ಪುಗಟ್ಟಿಸುವ ಅಂಶಗಳು ವಾಪಸು ಬರುವುದಿಲ್ಲ. ಮೊದಲೇ ವಾರ್ಫರಿನ್ ಇದ್ದವರಿಗೆ ಐಎನ್‌ಆರ್ ಮತ್ತಷ್ಟು ಏರುತ್ತದೆ, ರಕ್ತಸ್ರಾವದ ಭಯ ಹೆಚ್ಚು. ಟಿಟಿಪಿಯಲ್ಲಿ ಮಾಡುವಂತೆ ದಾನಿಗಳ ಪ್ಲಾಸ್ಮಾ ಕೊಟ್ಟರೆ ಕಥೆ ತಿರುಗುಮುರುಗು: ಅದರಲ್ಲಿ ಆ ಅಂಶಗಳು ತುಂಬಿರುವುದರಿಂದ ವಾರ್ಫರಿನ್‌ನ ಪರಿಣಾಮ ತಗ್ಗುತ್ತದೆ. ಹೃದಯದಲ್ಲಿ ಲೋಹದ ಕವಾಟ ಇರುವವರಿಗೆ ಇದೂ ಅಪಾಯವೇ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ ರೂಪಿಸಿದ ಕವಾಟ ಹಾಕಿಸಿಕೊಂಡವರಿಗೂ ಮಾತ್ರೆ ಜೀವನಪರ್ಯಂತ.

ಮೂರನೆಯದು, ಪರೀಕ್ಷೆಯ ಹೊತ್ತು. ಸರದಿ ಮುಗಿದ ಕೂಡಲೇ ತೆಗೆದ ರಕ್ತದ ಐಎನ್‌ಆರ್ ನೋಡಿ ಗಾಬರಿಪಡಬೇಡಿ. ಹೆಪ್ಪುಗಟ್ಟಿಸುವ ಹೆಚ್ಚಿನ ಅಂಶಗಳು ಒಂದು ದಿನದೊಳಗೆ ಚೇತರಿಸಿಕೊಳ್ಳುತ್ತವೆ. ಅವುಗಳಲ್ಲೊಂದಾದ ಫೈಬ್ರಿನೋಜನ್‌ಗೆ ಎರಡು ಮೂರು ದಿನ ಬೇಕು. ಹಾಗಾಗಿ ಮುಂದಿನ ಸರದಿಗೆ ಮುಂಚೆ ನೋಡಿದ ಲೆಕ್ಕವೇ ಹೆಚ್ಚು ನಂಬಿಕೆಯದ್ದು. ಇನ್ನೊಂದು ಸಣ್ಣ ಸಂಗತಿ: ಕ್ಯಾತಿಟರ್ ಕಟ್ಟದಿರಲೆಂದು ಅದರೊಳಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ತುಂಬಿಸಿಡುವುದುಂಟು. ಅದರಿಂದಲೇ ರಕ್ತ ಎಳೆದರೆ ವರದಿ ಹಾದಿ ತಪ್ಪಬಹುದು. ಕೈಯ ರಕ್ತನಾಳದಿಂದ ತೆಗೆಯಬಹುದೇ ಎಂದು ನರ್ಸ್‌ ಬಳಿ ಕೇಳುವುದರಲ್ಲಿ ಸಂಕೋಚ ಬೇಡ.

ಮಾತ್ರೆಯನ್ನು ಸರದಿಗೆ ಮೊದಲು ನುಂಗುವುದೋ ನಂತರವೋ ಎಂಬುದನ್ನು ವೈದ್ಯರೇ ಹೇಳಬೇಕು. ಯಂತ್ರಕ್ಕೆ ತುಸು ಮುಂಚೆ ನುಂಗಿದ ಔಷಧ ಪ್ಲಾಸ್ಮಾದೊಂದಿಗೆ ಹೋಗಿಬಿಡಬಹುದು ಎಂದು ಅನೇಕ ಮಾತ್ರೆಗಳನ್ನು ನಂತರ ಕೊಡುತ್ತಾರೆ. ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಬೇರೆ ಜಾತಿ. ಅವು ಪ್ಲೇಟ್‌ಲೆಟ್‌ಗಳನ್ನೇ ಹಿಡಿದುಕೊಂಡಿರುತ್ತವೆ, ಪ್ಲಾಸ್ಮಾ ಬದಲಿಸಿದರೂ ಪರಿಣಾಮ ಉಳಿಯುತ್ತದೆ. ತಾವಾಗಿಯೇ ಮಾತ್ರೆ ನಿಲ್ಲಿಸುವವರಿಗೆ ಒಂದು ಎಚ್ಚರಿಕೆ: ಹೆಪ್ಪುಗಟ್ಟದಂತೆ ತಡೆಯುವ ಆ್ಯಂಟಿಥ್ರಾಂಬಿನ್ ಕೂಡ ಪ್ಲಾಸ್ಮಾದೊಂದಿಗೆ ಹೋಗಿರುತ್ತದೆ, ಹಾಗಾಗಿ ರಕ್ತ ಕಟ್ಟುವ ಭಯವೂ ಇದೆ.

ಚಿಕಿತ್ಸೆ ನಡೆಯುವಾಗ ತುಟಿ, ಬೆರಳು ಜುಮ್ಮೆಂದರೆ ತಕ್ಷಣ ಹೇಳಿ. ಯಂತ್ರದಲ್ಲಿ ಬಳಸುವ ಸಿಟ್ರೇಟ್‌ನಿಂದ ಕ್ಯಾಲ್ಸಿಯಂ ಇಳಿದಿರಬಹುದು. ಕ್ಯಾತಿಟರ್ ತೆಗೆದ ದಿನ ರಕ್ತ ಒಸರುತ್ತಿದೆಯೇ ಎಂದು ಆ ಜಾಗದ ಮೇಲೆ ಕಣ್ಣಿರಲಿ.

ಮನೆಗೆ ಹೊರಡುವ ಮುನ್ನ ಮಾತ್ರೆಯ ಪ್ರಮಾಣ ಮತ್ತು ಮುಂದಿನ ಐಎನ್‌ಆರ್ ದಿನಾಂಕವನ್ನು ಡಿಸ್ಚಾರ್ಜ್ ಚೀಟಿಯಲ್ಲಿ ಬರೆಸಿಕೊಳ್ಳಿ, ಪರೀಕ್ಷೆ ಒಂದೇ ಲ್ಯಾಬಿನಲ್ಲಿ ಮಾಡಿಸಿ. ವಾರ್ಫರಿನ್ ನುಂಗುವವರು ಬಸಳೆ, ಹರಿವೆಯಂಥ ಸೊಪ್ಪು ಬಿಡಬೇಕಿಲ್ಲ, ದಿನವೂ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿರಲಿ. ಕಪ್ಪು ಮಲ, ನಿಲ್ಲದ ವಸಡಿನ ರಕ್ತ, ಒಮ್ಮೆಲೇ ತೀವ್ರ ತಲೆನೋವು, ಮಾತು ತೊದಲುವುದು ಕಂಡರೆ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಕರೆ ಮಾಡಿ.