ಸಭೆಗೆ ವಾರದ ಸಮಾಚಾರ

(ಓದತಕ್ಕ ವೇದಭಾಗಗಳು: ಅಪೊಸ್ತಲರ ಕೃತ್ಯಗಳು 11:27–30, ಫಿಲಿಪ್ಪಿಯವರಿಗೆ 2:25–30, ಕೊಲೊಸ್ಸೆಯವರಿಗೆ 4:7–18.)



ಕರ್ತನ ದಿನದ ಆರಾಧನೆಯಲ್ಲಿ ಪ್ರಸಂಗವು ಮುಗಿದು ಕಾಣಿಕೆಯ ಕೀರ್ತನೆ ಆರಂಭವಾಗುವದಕ್ಕೆ ಮುಂಚೆ, ಸಭಾಪಾಲಕನು ತನ್ನ ಸತ್ಯವೇದದೊಳಗಿಂದ ಒಂದು ಸಣ್ಣ ಚೀಟಿಯನ್ನು ತೆಗೆದು ಓದುವದುಂಟು. ಯಾರು ಹಾಸಿಗೆ ಹಿಡಿದಿದ್ದಾರೆ, ಯಾರ ಮನೆಯಲ್ಲಿ ಕೂಸು ಹುಟ್ಟಿದೆ, ಯಾವ ಮದುವೆಯ ಪ್ರಕಟನೆ ಎಷ್ಟನೆಯ ಸಾರಿ ಆಗುತ್ತಿದೆ, ಹೋದ ವಾರ ಕಾಣಿಕೆ ಎಷ್ಟು ಬಂತು, ಸುಗ್ಗಿಯ ಹಬ್ಬ ಯಾವ ದಿನ ಎಂಬಿವೇ ಅದರಲ್ಲಿರುವ ಸಂಗತಿಗಳು. ಚೀಟಿ ಹೊರಗೆ ಬಂದ ಕೂಡಲೇ ತಾಯಂದಿರು ಮಕ್ಕಳ ಕಡೆಗೆ ತಿರುಗುವರು, ಯೌವನಸ್ಥರು ಕಿಟಕಿಯ ಕಡೆಗೆ ನೋಡುವರು, ಮುದುಕರು ಕೋಲನ್ನು ತಡಕುವರು. ದೇವರ ವಾಕ್ಯವು ಮುಗಿಯಿತು, ಇನ್ನು ಉಳಿದದ್ದು ಊರ ಸುದ್ದಿ ಎಂಬದು ಅವರ ಎಣಿಕೆ. ಓದುವವನಿಗೂ ಹಲವು ಸಾರಿ ಅದೇ ಎಣಿಕೆಯಿರುವದು. ಆದದರಿಂದಲೇ ಪ್ರಸಂಗಕ್ಕಾಗಿ ಮೂರು ರಾತ್ರಿ ದೀಪ ಉರಿಸಿದವನು ಚೀಟಿಯನ್ನು ಬಾಗಿಲಲ್ಲಿ ನಿಂತು ಗೀಚಿಕೊಳ್ಳುತ್ತಾನೆ.

ಈ ಎಣಿಕೆ ಸರಿಯೋ ಎಂಬದನ್ನು ಈ ಪಾಠದಲ್ಲಿ ವಿಚಾರಿಸೋಣ. ಇದು ಸಭಾಪಾಲಕರಿಗೆ ಮಾತ್ರವಲ್ಲ, ಉಪದೇಶಿಗಳಿಗೂ ಹಿರಿಯರಿಗೂ ಚಾಪೆಯ ಮೇಲೆ ಕೂತು ಕೇಳುವವರೆಲ್ಲರಿಗೂ ಸಂಬಂಧಪಟ್ಟದ್ದು.

1. ಅಪೊಸ್ತಲರ ಸಭೆಗಳಲ್ಲಿ ಸಮಾಚಾರ

ಪೌಲ ಬಾರ್ನಬರು ತಮ್ಮ ಮೊದಲನೆಯ ಸಂಚಾರವನ್ನು ತೀರಿಸಿ ಸಿರಿಯದ ಅಂತಿಯೋಕ್ಯಕ್ಕೆ ತಿರಿಗಿ ಬಂದಾಗ, ಸಭೆಯನ್ನು ಕೂಡಿಸಿ ದಾರಿಯಲ್ಲಿ ನಡೆದದ್ದನ್ನೆಲ್ಲಾ ತಿಳಿಸಿದರು (ಅ. ಕೃ. 14:27). ಅದಕ್ಕೂ ಮುಂಚೆ ಅದೇ ಸಭೆಗೆ ಅಗಬನೆಂಬ ಪ್ರವಾದಿಯ ಬಾಯಿಂದ ಬರಲಿರುವ ಕ್ಷಾಮದ ವಿಷಯ ತಿಳಿದುಬಂತು. ಆ ಕ್ಷಾಮವು ಕ್ರಿ.ಶ. 41ರಿಂದ 54ರ ವರೆಗೆ ಆಳಿದ ಕ್ಲೌದ್ಯ ಚಕ್ರವರ್ತಿಯ ಕಾಲದಲ್ಲಿ ಉಂಟಾಯಿತೆಂದು ಲೂಕನು ಬರೆಯುತ್ತಾನೆ. ಸುದ್ದಿ ಕೇಳಿದ ಶಿಷ್ಯರು ಅಯ್ಯೋ ಎಂದು ಸುಮ್ಮನಿರಲಿಲ್ಲ. ತಮ್ಮ ತಮ್ಮ ಶಕ್ತಿಗೆ ತಕ್ಕ ಹಾಗೆ ಹಣವನ್ನು ಕೂಡಿಸಿ ಯೂದಾಯದ ಸಹೋದರರಿಗೆ ಕಳುಹಿಸಿದರು. ಸಮಾಚಾರವು ಕಿವಿಗೆ ಬಿತ್ತು. ಅಲ್ಲಿ ನಿಲ್ಲದೆ ಕೈಗೆ ಇಳಿಯಿತು.

ಆ ಕಾಲದಲ್ಲಿ ರೋಮಾ ಸರಕಾರದ ಅಂಚೆಯು ಸರಕಾರದ ಕೆಲಸಕ್ಕೆ ಮಾತ್ರ ಇತ್ತು. ಸಾಮಾನ್ಯರ ಕಾಗದಗಳು ಆ ದಾರಿಯಲ್ಲಿ ಹೋಗುವ ಪ್ರಯಾಣಿಕರ ಕೈಯಲ್ಲಿ ಹೋಗಬೇಕಾಗಿತ್ತು. ಕೊಲೊಸ್ಸೆಯವರಿಗೆ ಬರೆದ ಪತ್ರಿಕೆಯನ್ನು ತುಖಿಕನು ಒನೇಸಿಮನ ಸಂಗಡ ಒಯ್ದನು. ಉಪದೇಶವು ಪತ್ರಿಕೆಯಲ್ಲಿತ್ತು, ಪೌಲನು ಹೇಗಿದ್ದಾನೆಂಬ ವರ್ತಮಾನವು ತುಖಿಕನ ನಾಲಿಗೆಯಲ್ಲಿತ್ತು (ಕೊಲೊ. 4:7–9). ಎರಡೂ ಒಂದೇ ಬಾಗಿಲಿಂದ ಸಭೆಯೊಳಗೆ ಬಂದವು. ಆ ಪತ್ರಿಕೆಯನ್ನು ಓದಿದ ಮೇಲೆ ಲವೊದಿಕೀಯದ ಸಭೆಯಲ್ಲಿಯೂ ಓದಿಸಬೇಕೆಂದು ಅಪೊಸ್ತಲನು ಅಪ್ಪಣೆಕೊಟ್ಟನು (4:16). ರೋಮಾಪುರದವರಿಗೆ ಬರೆದ ಪತ್ರಿಕೆಯ 16ನೆಯ ಅಧ್ಯಾಯವನ್ನು ನೋಡಿರಿ: ಅದರ ಬಹುಭಾಗವು ಹೆಸರುಗಳೂ ವಂದನೆಗಳೂ ಆಗಿದೆ. ನೀತಿ, ಕೃಪೆ, ವಿಶ್ವಾಸ ಎಂಬ ಮಹಾ ವಿಷಯಗಳನ್ನು ಬರೆದ ಲೇಖನಿಯೇ, ಯಾರು ಪ್ರಯಾಸಪಟ್ಟರು, ಯಾರು ಸೆರೆಯಲ್ಲಿದ್ದರು, ಯಾರ ಮನೆಯಲ್ಲಿ ಸಭೆ ಕೂಡುತ್ತದೆ ಎಂಬದನ್ನೂ ಬರೆಯಿತು. ಆದಕಾರಣ ಸಮಾಚಾರವು ಆರಾಧನೆಯ ನಡುವಣ ಬಿಡುವೆಂದು ಹೇಳುವದಕ್ಕೆ ಅಪೊಸ್ತಲರಿಂದ ನಮಗೆ ಆಧಾರ ಸಿಕ್ಕುವದಿಲ್ಲ.

2. ಅರ್ಧ ತಲಪಿದ ಸುದ್ದಿ

ಫಿಲಿಪ್ಪಿಯ ಸಭೆಯವರು ಸೆರೆಯಲ್ಲಿದ್ದ ಪೌಲನಿಗೆ ಎಪಫ್ರೊದೀತನ ಕೈಯಲ್ಲಿ ಸಹಾಯವನ್ನು ಕಳುಹಿಸಿದರು. ಅವನು ಅಲ್ಲಿ ರೋಗದಲ್ಲಿ ಬಿದ್ದು ಸಾಯುವ ಹಾಗಾದನು. ಈ ಸಂಗತಿ ಫಿಲಿಪ್ಪಿಗೆ ಮುಟ್ಟಿತು. ಅವರಿಗೆ ಮುಟ್ಟಿತೆಂಬದು ಪುನಃ ಎಪಫ್ರೊದೀತನಿಗೆ ತಿಳಿದು, ಅವನು ತನ್ನ ರೋಗಕ್ಕಿಂತ ಅವರ ಚಿಂತೆಗಾಗಿ ವ್ಯಥೆಪಟ್ಟನು. ದೇವರು ಅವನನ್ನು ಕರುಣಿಸಿ ಎಬ್ಬಿಸಿದನು. ಆದರೆ ಫಿಲಿಪ್ಪಿಯವರಿಗೆ ತಿಳಿದಿದ್ದದ್ದು ರೋಗವೇ, ಸ್ವಸ್ಥತೆಯಲ್ಲ. ಆಗ ಪೌಲನು ಏನು ಮಾಡಿದನು? ತನಗೆ ಸೇವಕನು ಬೇಕಾಗಿದ್ದರೂ ಅವನನ್ನೇ ಹಿಂದಕ್ಕೆ ಕಳುಹಿಸಿದನು. ಅವನ ಮುಖವೇ ಉಳಿದರ್ಧ ಸಮಾಚಾರವಾಯಿತು. ಬಂದವನನ್ನು ಸನ್ಮಾನದಿಂದ ಸೇರಿಸಿಕೊಳ್ಳಬೇಕೆಂದೂ ಬರೆದನು; ಯಾಕಂದರೆ ಒಪ್ಪಿಸಿದ ಕೆಲಸವನ್ನು ಬಿಟ್ಟು ಬಂದನೆಂದು ಯಾರೂ ಆಡಿಕೊಳ್ಳಬಾರದಷ್ಟೆ.

ನೋಡಿರಿ, ಸುಳ್ಳು ಮಾತ್ರ ನೋಯಿಸುವದಿಲ್ಲ. ಅರ್ಧ ತಲಪಿದ ಸತ್ಯವೂ ನೋಯಿಸುತ್ತದೆ. ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ಒಬ್ಬ ತಾಯಿಯ ಕಣ್ಣೀರಿನಿಂದ ಕಲಿತೆನು.

3. ನನ್ನ ತಪ್ಪು

ನಾನು ಸಭಾಸೇವೆಗೆ ಬಂದ ಎರಡನೆಯ ವರುಷ, 1988ನೆಯ ಇಸವಿಯಲ್ಲಿ, ಒಂದು ಶನಿವಾರ ಸಾಯಂಕಾಲ ಬಸ್ಸಿನಿಂದ ಇಳಿದವರೊಬ್ಬರು, ನಮ್ಮ ಸಭೆಯ ಯೌವನಸ್ಥನೊಬ್ಬನು ಪಟ್ಟಣದಲ್ಲಿ ಲಾರಿಗೆ ಸಿಕ್ಕಿ ಆಸ್ಪತ್ರೆಯಲ್ಲಿದ್ದಾನೆ, ಬದುಕುವದು ಕಷ್ಟ ಎಂದು ಹೇಳಿದರು. ಮರುದಿನ ಬೆಳಿಗ್ಗೆ ನಾನು ಅದನ್ನು ಚೀಟಿಯಲ್ಲಿ ಬರೆದುಕೊಂಡು, ಪ್ರಸಂಗವಾದ ಮೇಲೆ ಅವನ ಹೆಸರನ್ನು ಓದಿ ಪ್ರಾರ್ಥನೆ ಮಾಡೋಣವೆಂದೆನು. ನನ್ನ ಧ್ವನಿಯಲ್ಲಿ ದುಃಖವಿತ್ತು. ಎಲ್ಲರಿಗಿಂತ ಮೊದಲು ನನಗೆ ತಿಳಿಯಿತೆಂಬ ಸಣ್ಣ ಹೆಮ್ಮೆಯೂ ಇತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ. ಅವನ ತಾಯಿ ವಿಧವೆ. ಹೆಂಗಸರ ಸಾಲಿನಲ್ಲಿ ಮೂರನೆಯ ಚಾಪೆಯ ಮೇಲೆ ಕೂತಿದ್ದರು. ಅವರಿಗೆ ಈ ಸಂಗತಿ ತಿಳಿದೇ ಇರಲಿಲ್ಲ.

ಅವರು ಕೂಗಲಿಲ್ಲ. ಎದ್ದು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಹೊರಗೆ ಹೋದರು. ನಮ್ಮ ಹಳ್ಳಿಯಲ್ಲಿ ಆಗ ಫೋನು ಇದ್ದದ್ದು ಅಂಚೆಮನೆಯಲ್ಲಿ ಮಾತ್ರ. ಭಾನುವಾರ ಅದಕ್ಕೆ ಬೀಗ. ಸೋಮವಾರ ಹತ್ತು ಗಂಟೆಯ ವರೆಗೆ ಆ ತಾಯಿ ಅನ್ನವನ್ನು ಮುಟ್ಟಲಿಲ್ಲ. ಆಮೇಲೆ ವಿಚಾರಿಸುವಾಗ, ಅವನ ಕಾಲು ಮುರಿದಿದೆ, ಪ್ರಾಣಕ್ಕೆ ಅಪಾಯವಿಲ್ಲ ಎಂಬದು ತಿಳಿದುಬಂತು. ಬರುವ ಭಾನುವಾರ ಅದನ್ನೂ ಓದಬೇಕಾಗಿತ್ತು. ನಾಚಿಕೆಯಿಂದ ನಾನು ಸುಮ್ಮನಾದೆನು. ಅದರ ಫಲವಾಗಿ, ಮೂರು ಮೈಲು ದೂರದ ಹಳ್ಳಿಯಿಂದ ಅವರ ಸಂಬಂಧಿಕರು, ಹುಡುಗನು ತೀರಿಹೋದನೆಂದೇ ತಿಳಿದು ಅಳುತ್ತಾ ಆ ಮನೆಗೆ ಬಂದರು.

ನಾನು ಕ್ಷಮೆ ಕೇಳುವದಕ್ಕೆ ಹೋದಾಗ ಆ ತಾಯಿ ಹೇಳಿದ್ದಿಷ್ಟೇ: “ಅಯ್ಯನವರೇ, ನೀವು ಸುಳ್ಳು ಹೇಳಬೇಕೆಂದು ಹೇಳಲಿಲ್ಲ. ಆದರೆ ಗುಡಿಯಲ್ಲಿ ಹೇಳುವ ಮೊದಲು ನನ್ನ ಮನೆಗೆ ಬಂದು ಹೇಳಬೇಕಾಗಿತ್ತು.” ಮಗನು ಕಂಕುಳಕೋಲನ್ನು ಊರಿಕೊಂಡು ಬಂದ ಭಾನುವಾರ ಅವರು ಸ್ತೋತ್ರದ ಕಾಣಿಕೆ ತಂದರು. ಅದನ್ನು ತೆಗೆದುಕೊಂಡ ನನ್ನ ಕೈ ನಡುಗಿತು.

4. ಚೀಟಿಯನ್ನು ಬರೆಯುವವನಿಗೆ ಐದು ಸೂತ್ರಗಳು

ಮೊದಲನೆಯದು, ವಿಚಾರಿಸಿ ಬರೆಯಬೇಕು. ಕೊರಿಂಥದ ಜಗಳಗಳ ವಿಷಯವನ್ನು ಪೌಲನು ಎತ್ತುವಾಗ, ಅದು ಖ್ಲೋಯೆಯ ಮನೆಯವರಿಂದ ತನಗೆ ತಿಳಿಯಿತೆಂದು ಬಹಿರಂಗವಾಗಿ ಹೇಳುತ್ತಾನೆ (1 ಕೊರಿಂಥ 1:11). ಯಾರು ಹೇಳಿದರೆಂದು ಹೇಳಲಾರದ ಮಾತು ಚೀಟಿಯಲ್ಲಿ ಇರಬಾರದು.

ಎರಡನೆಯದು, ಮೊದಲು ಮನೆ, ಆಮೇಲೆ ಗುಡಿ. ರೋಗವಾಗಲಿ ಮರಣವಾಗಲಿ ಕಷ್ಟವಾಗಲಿ ಯಾರದೋ ಅವರ ಹೊಸ್ತಿಲಿಗೆ ಹೋಗಿ, ಇದನ್ನು ಸಭೆಗೆ ತಿಳಿಸಬಹುದೋ ಎಂದು ಕೇಳಬೇಕು. ಬೇಡವೆಂದರೆ ಅವರ ಸಂಗಡ ಅಲ್ಲಿಯೇ ಪ್ರಾರ್ಥಿಸಬೇಕು. ದೇವರಿಗೆ ನಮ್ಮ ಚೀಟಿಯಿಂದ ಹೆಸರು ತಿಳಿಯಬೇಕಾದದ್ದಿಲ್ಲ.

ಮೂರನೆಯದು, ತಪ್ಪುಗಳನ್ನು ಓದಬಾರದು. ಸಹೋದರನ ತಪ್ಪಿಗೆ ಕರ್ತನು ತೋರಿಸಿದ ದಾರಿಯು ಏಕಾಂತದಲ್ಲಿ ಆರಂಭವಾಗುತ್ತದೆ (ಮತ್ತಾಯ 18:15–17). ಆದರೂ ಪೌಲನು ಯುವೊದ್ಯ, ಸಂತುಕೆ ಎಂಬವರ ಹೆಸರುಗಳನ್ನು ಸಭೆಯಲ್ಲಿ ಓದುವ ಪತ್ರಿಕೆಯಲ್ಲೇ ಬರೆದನಲ್ಲಾ ಎಂದು ಕೆಲವರು ಕೇಳಬಹುದು. ನಿಜವೇ. ಆದರೆ ಅವನು ಜಗಳದ ಕಾರಣವನ್ನು ಬರೆಯಲಿಲ್ಲ, ಯಾರ ತಪ್ಪೆಂದು ಬರೆಯಲಿಲ್ಲ. ಅವರು ಸುವಾರ್ತೆಗಾಗಿ ಪಟ್ಟ ಪ್ರಯಾಸವನ್ನು ಬರೆದನು, ಸಮಾಧಾನಮಾಡುವವನೊಬ್ಬನನ್ನು ನೇಮಿಸಿದನು (ಫಿಲಿಪ್ಪಿ 4:2–3). ಇಂದಿಗೂ ಆ ಜಗಳ ಏನೆಂದು ಯಾರಿಗೂ ತಿಳಿಯದು. ಅವರ ಸೇವೆ ಎಲ್ಲರಿಗೂ ತಿಳಿದಿದೆ.

ನಾಲ್ಕನೆಯದು, ಹಣದ ಲೆಕ್ಕವನ್ನು ಪೂರ್ತಿ ಓದಬೇಕು. ಯೆರೂಸಲೇಮಿನ ಬಡವರಿಗಾಗಿ ಹಣವನ್ನು ಕೂಡಿಸುವ ಕೆಲಸಕ್ಕೆ ಪೌಲನು ತೀತನನ್ನೂ, ಸಭೆಗಳೇ ಆರಿಸಿದ ಇನ್ನೊಬ್ಬ ಸಹೋದರನನ್ನೂ ಕಳುಹಿಸಿದನು. ದೇವರ ಮುಂದೆ ಮಾತ್ರವಲ್ಲ, ಮನುಷ್ಯರ ಮುಂದೆಯೂ ನಿಂದೆಗೆ ಎಡೆಯಿರಬಾರದೆಂಬದು ಅವನ ಜಾಗ್ರತೆ (2 ಕೊರಿಂಥ 8:18–21). ಬಂದದ್ದನ್ನು ಮಾತ್ರ ಓದಿ ಹೋದದ್ದನ್ನು ಓದದಿದ್ದರೆ, ಇದೂ ಅರ್ಧ ಸುದ್ದಿಯೇ. ಓದದ ಅರ್ಧವನ್ನು ಜನರು ಬಾವಿಕಟ್ಟೆಯಲ್ಲಿ ತಾವೇ ತುಂಬಿಸಿಕೊಳ್ಳುವರು.

ಐದನೆಯದು, ಸಮಾಚಾರವು ಕೆಲಸದಲ್ಲಿ ಮುಗಿಯಬೇಕು. ರಕ್ತಸಾಕ್ಷಿಯಾದ ಜಸ್ಟಿನನು ಸುಮಾರು ಕ್ರಿ.ಶ. 150ರಲ್ಲಿ ಕ್ರೈಸ್ತರ ಪರವಾಗಿ ಚಕ್ರವರ್ತಿಗೆ ಬರೆದ ಅರಿಕೆಯಲ್ಲಿ ಭಾನುವಾರದ ಕೂಟವನ್ನು ವಿವರಿಸಿದ್ದಾನೆ. ಬಾರದೆ ಇದ್ದವರಿಗೆ ಸಭಾಸೇವಕರು ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ಒಯ್ದುಕೊಡುತ್ತಿದ್ದರು. ಕಾಣಿಕೆಯಿಂದ ಅನಾಥರಿಗೂ ವಿಧವೆಯರಿಗೂ ರೋಗಿಗಳಿಗೂ ಸೆರೆಯಲ್ಲಿದ್ದವರಿಗೂ ಪರದೇಶಸ್ಥರಿಗೂ ಸಹಾಯವಾಗುತ್ತಿತ್ತು. ಯಾರು ಬಂದಿಲ್ಲ, ಯಾಕೆ ಬಂದಿಲ್ಲ ಎಂಬದು ತಿಳಿಯದೆ ಇದು ನಡೆಯುವದು ಹೇಗೆ? ಆದದರಿಂದ, ಇಂಥವರಿಗೆ ಜ್ವರ, ಪ್ರಾರ್ಥಿಸಿರಿ ಎಂದಷ್ಟೇ ಬರೆಯಬೇಡಿರಿ. “ಕೆರೆಯ ಬೀದಿಯ ಅಮ್ಮನವರನ್ನು ನಿನ್ನೆ ಕಂಡೆನು, ಜ್ವರ ಇಳಿದಿದೆ, ಬಲ ಬಂದಿಲ್ಲ, ಈ ವಾರವೆಲ್ಲಾ ನೀರು ತಂದುಕೊಡುವವರು ಬೇಕಾಗಿದ್ದಾರೆ” ಎಂದು ಬರೆಯಿರಿ. ಕೇಳಿದವರಲ್ಲಿ ಒಬ್ಬರಾದರೂ ಕೊಡ ಹಿಡಿದು ಹೋಗುವರು. ಮುಂದಿನ ಭಾನುವಾರ ಅವರು ಎದ್ದು ಓಡಾಡುತ್ತಿದ್ದಾರೆಂಬದನ್ನೂ ಮರೆಯದೆ ಓದಿರಿ.

5. ಸಮಾಚಾರದೊಂದಿಗೆ ಚಿಂತನೆ

ಕನ್ನಡದ ಮೊದಲನೆಯ ವರ್ತಮಾನಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು ಬಾಸೆಲ್ ಮಿಶನಿನ ಹೆರ್ಮನ್ ಮೋಗ್ಲಿಂಗ್ ಎಂಬವರು 1843ನೆಯ ಜುಲೈ 1ರಂದು ಆರಂಭಿಸಿದರು. ಅದು ಕಲ್ಲಚ್ಚಿನಲ್ಲಿ ಮುದ್ರಿತವಾಗಿ ಹದಿನೈದು ದಿವಸಕ್ಕೊಮ್ಮೆ ಹೊರಡುತ್ತಿತ್ತು. ಊರ ವರ್ತಮಾನ, ಸರಕಾರದ ನಿರೂಪ, ಸುಬುದ್ಧಿಯ ಮಾತು, ಕಥೆ ಇವೆಲ್ಲಾ ಅದೇ ಕೆಲವು ಪುಟಗಳಲ್ಲಿ ಜೊತೆಯಾಗಿ ಬರುತ್ತಿದ್ದವು. ಸುದ್ದಿ ಒಂದು ಕಡೆ, ಬುದ್ಧಿ ಒಂದು ಕಡೆ ಎಂದು ಅವರು ಬೇರ್ಪಡಿಸಲಿಲ್ಲ. ನಮ್ಮ ಚೀಟಿಗೂ ಇದು ಒಳ್ಳೇ ಮಾದರಿ. ಆದರೆ ಚಿಂತನೆಯು ಎರಡನೆಯ ಪ್ರಸಂಗವಾಗಬಾರದು. ಆ ವಾರದ ಸಂಗತಿಗಳಲ್ಲಿ ಒಂದನ್ನು ಹಿಡಿದು, ಅದರ ಮೇಲೆ ವಾಕ್ಯದ ಬೆಳಕು ಎಲ್ಲಿ ಬೀಳುತ್ತದೆಂದು ನಾಲ್ಕು ಮಾತಿನಲ್ಲಿ ತೋರಿಸಿದರೆ ಸಾಕು. ಮಳೆ ಬಾರದೆ ಬಿತ್ತನೆ ತಡವಾದ ವಾರ ಅಂತಿಯೋಕ್ಯದವರ ಕಾಣಿಕೆಯನ್ನು ನೆನಪಿಸಬಹುದು. ಯೌವನಸ್ಥರು ಕೂಲಿಗಾಗಿ ಪಟ್ಟಣಕ್ಕೆ ಹೊರಟ ವಾರ, ದೂರದಲ್ಲಿದ್ದರೂ ತನ್ನ ಸಭೆಯ ಚಿಂತೆಯನ್ನು ಹೊತ್ತ ಎಪಫ್ರೊದೀತನನ್ನು ನೆನಪಿಸಬಹುದು.

ಈಗ ಹಳ್ಳಿಹಳ್ಳಿಗೂ ಮೊಬೈಲ್ ಫೋನು ಬಂದಿದೆ. ಭಾನುವಾರದ ಚೀಟಿಗಿಂತ ಮೊದಲೇ ಸುದ್ದಿಯು ಎಲ್ಲರ ಕೈಯಲ್ಲಿರುವದರಿಂದ, ಚೀಟಿ ಇನ್ನೇಕೆ ಎಂದು ಹಿರಿಯರು ಕೇಳುತ್ತಾರೆ. ಸುದ್ದಿಯು ಬೇಗ ಬಂದಷ್ಟೂ ಅದು ಅರ್ಧವಾಗಿ ಬರುವದು ಹೆಚ್ಚು. 1988ರಲ್ಲಿ ನಾನು ಒಂದು ಗುಡಿಯಲ್ಲಿ ಮಾಡಿದ ತಪ್ಪನ್ನು ಈಗ ಯಾವನಾದರೂ ಒಂದು ಬೆರಳಿನಿಂದ ಹತ್ತು ಊರುಗಳಲ್ಲಿ ಮಾಡಬಲ್ಲನು. ಆದದರಿಂದ ಮೊದಲು ಹೇಳುವವನಾಗುವದು ಸಭಾಪಾಲಕನ ಕೆಲಸವಲ್ಲ. ಮನೆಗೆ ಹೋಗಿ ಕಂಡು, ಪೂರ್ತಿಯಾಗಿ ಹೇಳುವವನಾಗುವದೇ ಅವನ ಕೆಲಸ. ಕೇಳುವವರಾದ ನಮಗೂ ಅದೇ ನಿಯಮ.

ಪ್ರಿಯರೇ, ನೆರೆಯವನ ಸುದ್ದಿಯು ನಮ್ಮ ಕೈಗೆ ಒಪ್ಪಿಸಲ್ಪಟ್ಟ ಒಡವೆ. ಪರರ ಒಡವೆಯನ್ನು ಹೇಗೆ ಮುಚ್ಚಿ, ಎಣಿಸಿ, ಒಡೆಯನಿಗೇ ಮೊದಲು ಒಪ್ಪಿಸುವೆವೋ ಹಾಗೆಯೇ ಇದನ್ನೂ ಮಾಡೋಣ.

ಮನನಕ್ಕಾಗಿ ಪ್ರಶ್ನೆಗಳು

1. ಕಳೆದ ಭಾನುವಾರ ಓದಿದ ಸಮಾಚಾರಗಳಲ್ಲಿ ನಿಮಗೆ ಯಾವುದು ನೆನಪಿದೆ? ಅದನ್ನು ಕೇಳಿ ನೀವು ಏನು ಮಾಡಿದಿರಿ?
2. ಎಪಫ್ರೊದೀತನನ್ನು ಪೌಲನು ಹಿಂದಕ್ಕೆ ಕಳುಹಿಸಿದ್ದು ಯಾಕೆ?
3. ನಿಮ್ಮ ಬಾಯಿಂದ ಅರ್ಧ ಹೊರಟು ಇನ್ನೂ ಪೂರ್ತಿಯಾಗದ ಸುದ್ದಿ ಯಾವುದಾದರೂ ಉಂಟೋ? ಅದನ್ನು ಪೂರ್ತಿಮಾಡುವದಕ್ಕೆ ಈ ವಾರ ಯಾವ ಮನೆಗೆ ಹೋಗಬೇಕು?