ಹಾಸಿಗೆಯ ಸುತ್ತ ಬಂಧುಗಳು



ಸಂತ ಲೂಕರ ಶುಭಸಂದೇಶದ 12ನೇ ಅಧ್ಯಾಯದಲ್ಲಿ, ಜನಸಂದಣಿಯಲ್ಲಿದ್ದ ಒಬ್ಬನು ಯೇಸುಸ್ವಾಮಿಯ ಬಳಿ ದೂರು ತರುತ್ತಾನೆ. ಪಿತ್ರಾರ್ಜಿತ ಆಸ್ತಿಯಲ್ಲಿ ತನ್ನ ಪಾಲು ಕೊಡುವಂತೆ ಸೋದರನಿಗೆ ಹೇಳಬೇಕೆಂಬುದು ಅವನ ಕೋರಿಕೆ. ಸ್ವಾಮಿ ಪಾಲು ಮಾಡಲು ಕೂರಲಿಲ್ಲ. ಲೋಭದ ಬಗ್ಗೆ ಎಚ್ಚರಿಸಿ, ದೊಡ್ಡ ಕಣಜ ಕಟ್ಟಲು ಹೊರಟ ಮೂರ್ಖ ಧನಿಕನ ಸಾಮತಿಯನ್ನು ಹೇಳಿದರು.

ಇದೇ ಲೋಭವನ್ನು ನಗಿಸುತ್ತಲೇ ತೋರಿಸುವ ಸಂಗೀತ ನಾಟಕವೊಂದಿದೆ. ಇಟಲಿಯ ಪುಚ್ಚೀನಿ ಸಂಗೀತ ರಚಿಸಿದ 'ಜಾನ್ನಿ ಸ್ಕೀಕ್ಕಿ' 1918ರಲ್ಲಿ ನ್ಯೂಯಾರ್ಕಿನಲ್ಲಿ ಮೊದಲ ಬಾರಿ ಪ್ರದರ್ಶನಗೊಂಡಿತು. ಕಥೆ ನಡೆಯುವುದು 1299ರ ಫ್ಲಾರೆನ್ಸ್ ನಗರದಲ್ಲಿ. ಬುವೋಸೊ ದೊನಾತಿ ಎಂಬ ಸಿರಿವಂತ ತೀರಿಕೊಂಡಿದ್ದಾನೆ. ಬಂಧುಗಳು ಹಾಸಿಗೆಯ ಸುತ್ತ ಅಳುತ್ತಿದ್ದಾರೆ. ಆಸ್ತಿಯೆಲ್ಲ ಮಠಕ್ಕೆ ಹೋಗುತ್ತದಂತೆ ಎಂಬ ಸುದ್ದಿ ಬಿದ್ದದ್ದೇ ತಡ, ಅಳು ನಿಂತು ಉಯಿಲಿನ ಹುಡುಕಾಟ ಶುರುವಾಗುತ್ತದೆ. ಉಯಿಲು ಸಿಗುತ್ತದೆ, ಸುದ್ದಿ ನಿಜವಾಗುತ್ತದೆ. ಆಗ ಅವರಿಗೆ ನಿಜವಾದ ಕಣ್ಣೀರು ಬರುತ್ತದೆ!

ಚತುರನಾದ ಸ್ಕೀಕ್ಕಿಯನ್ನು ಕರೆಸುತ್ತಾರೆ. ಶವವನ್ನು ಮರೆಮಾಡಿ, ಅವನೇ ಬುವೋಸೊನಂತೆ ಹಾಸಿಗೆಯಲ್ಲಿ ಮಲಗಿ ಹೊಸ ಉಯಿಲು ಬರೆಸಬೇಕೆಂಬುದು ಸಂಚು. ಹೇಸರಗತ್ತೆ, ಮನೆ, ಗಿರಣಿಗಳು ತನಗೇ ಬರಲೆಂದು ಒಬ್ಬೊಬ್ಬರೂ ಗುಟ್ಟಾಗಿ ಅವನಿಗೆ ಲಂಚದ ಆಸೆ ತೋರಿಸುತ್ತಾರೆ. ಅವನೋ ಆ ಮೂರನ್ನೂ ತನ್ನ ಹೆಸರಿಗೇ ಬರೆಸಿಕೊಳ್ಳುತ್ತಾನೆ. ಬಂಧುಗಳು ಬಾಯಿ ಬಿಡುವಂತಿಲ್ಲ. ಸುಳ್ಳು ಉಯಿಲಿನಲ್ಲಿ ಕೈಜೋಡಿಸಿದವರಿಗೆ ಕೈ ಕತ್ತರಿಸಿ ಗಡೀಪಾರು ಮಾಡುವ ಶಿಕ್ಷೆಯಿದೆ. ಮಹಾಕವಿ ದಾಂತೆ ತನ್ನ ಕಾವ್ಯದಲ್ಲಿ ಈ ಸ್ಕೀಕ್ಕಿಯನ್ನು ನರಕದಲ್ಲೇ ಇರಿಸಿದ್ದಾನೆ.

ನಗೆ ನಿಂತ ಮೇಲೆ ಒಂದು ಮಾತು ಯೋಚಿಸಿರಿ. ಆಸ್ತಿಯ ಲೆಕ್ಕ ಶುರುವಾದ ಮೇಲೆ ಸತ್ತವನ ಆತ್ಮದ ನೆನಪು ಆ ಮನೆಯಲ್ಲಿ ಯಾರಿಗೂ ಇಲ್ಲ. ನಮ್ಮ ಮನೆಗಳಲ್ಲೂ ತಿಂಗಳ ಪೂಜೆಗೆ ಮೊದಲೇ ಬೀರುವಿನ ಬೀಗದ ಕೈಗಾಗಿ ಜಗಳ ಹತ್ತುವುದುಂಟು. "ಮದುವೆಯಲ್ಲಿ ಒಡವೆ ಹಾಕಿದ್ದೇವಲ್ಲ" ಎಂದು ತಂಗಿಯಿಂದ ಒತ್ತಾಯದ ಸಹಿ ಪಡೆಯುವುದುಂಟು. ಇದು ಬರೀ ಮನೆಯ ವ್ಯವಹಾರವಲ್ಲ. ಏಳನೆಯ ಮತ್ತು ಹತ್ತನೆಯ ಕಟ್ಟಳೆಗಳ ಉಲ್ಲಂಘನೆ. ಇಂಥ ಪಾಪಕ್ಕೆ ಪಾಪನಿವೇದನೆಯೊಂದೇ ಸಾಲದು. ಕಿತ್ತುಕೊಂಡದ್ದನ್ನು ಜಕ್ಕಾಯನಂತೆ ಹಿಂದಿರುಗಿಸಬೇಕು.

ಹಿರಿಯರೇ, ನಿಮಗೂ ಒಂದು ಕರ್ತವ್ಯವಿದೆ. ಬುದ್ಧಿ ಸ್ವಸ್ಥವಾಗಿರುವಾಗಲೇ ನ್ಯಾಯವಾದ ಉಯಿಲು ಬರೆಯಿರಿ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಂತೆ ಇಬ್ಬರು ಸಾಕ್ಷಿಗಳ ಸಹಿ ಬೇಕು. ಆಸ್ತಿ ಪಡೆಯುವವರೇ ಸಾಕ್ಷಿ ಹಾಕಿದರೆ ಅವರಿಗೆ ಬರೆದ ಪಾಲು ಅಸಿಂಧುವಾಗುತ್ತದೆ. ಉಯಿಲಿಲ್ಲದೆ ಗಂಡ ತೀರಿಕೊಂಡರೆ, ಮಕ್ಕಳಿರುವ ವಿಧವೆಗೆ ಮೂರನೇ ಒಂದು ಭಾಗ ಸಲ್ಲುತ್ತದೆ; ಉಳಿದದ್ದು ಗಂಡು ಹೆಣ್ಣೆಂಬ ಭೇದವಿಲ್ಲದೆ ಮಕ್ಕಳಿಗೆ ಸಮಪಾಲು.

ಈ ವಾರ ಮನೆಯ ಜಪಸರದ ನಂತರ ಎಲ್ಲರೂ ಕುಳಿತು ಕೇಳಿಕೊಳ್ಳಿರಿ: ಆಸ್ತಿಯ ಕಾರಣಕ್ಕೆ ನಾವು ಮಾತು ಬಿಟ್ಟವರು ಯಾರು? ಅವರಿಗೆ ನಾವು ಹಿಂದಿರುಗಿಸಬೇಕಾದದ್ದು ಏನಾದರೂ ಇದೆಯೇ? ಬಳಿಕ ನಿಮ್ಮ ಮನೆಯಿಂದ ಅಗಲಿದವರ ಹೆಸರು ಹಿಡಿದು ಒಂದು ಪ್ರಾರ್ಥನೆ ಸಲ್ಲಿಸಿರಿ.