ಲೋಹದ ಚೂರಿನಿಂದ ದಾರಿ ತೋರುವ ನಾಯಿ

ಕಣ್ಣು ಕಾಣದವರು ಪರರ ಕೈಹಿಡಿಯದೆ ಬೀದಿಯಲ್ಲಿ ನಡೆಯಲು ತರಬೇತು ಪಡೆದ ನಾಯಿಯು ನೆರವಾಗಬಲ್ಲುದು. ಹೋಗಬೇಕಾದ ದಾರಿಯನ್ನು ಬಲ್ಲವನು ಯಜಮಾನನೇ. ಅಡ್ಡಿಗಳನ್ನು ಬಳಸಿ ಕರೆದೊಯ್ಯುವುದು, ಮೆಟ್ಟಿಲ ಬಳಿ ನಿಲ್ಲುವುದು, ವಾಹನವು ಬರುತ್ತಿರುವಾಗ 'ಮುಂದೆ ನಡೆ' ಎಂಬ ಆಜ್ಞೆಯನ್ನೂ ಮೀರುವುದು ನಾಯಿಯ ಕರ್ತವ್ಯ. ಈ ವಿವೇಕವು ಸುಲಭವಾಗಿ ಬರುವಂಥದಲ್ಲ. ಮರಿಯನ್ನು ಸುಮಾರು ಒಂದು ವರ್ಷ ಮನೆಯೊಂದರಲ್ಲಿ ಸಾಕಿ, ತರುವಾಯ ನುರಿತ ಶಿಕ್ಷಕರು ತಿಂಗಳುಗಟ್ಟಲೆ ತಿದ್ದಬೇಕು. ಆದುದರಿಂದಲೇ ವೆಚ್ಚ ಅಧಿಕ. ಆ ಹಣವನ್ನು ಕೂಡಿಸುವ ಬಗೆ ಹೇಗೆ?

1964ರಲ್ಲಿ ಬ್ರಿಟನ್ನಿನ ಬಿ.ಬಿ.ಸಿ. ಟೆಲಿವಿಷನ್ನಿನ 'ಬ್ಲೂ ಪೀಟರ್' ಎಂಬ ಮಕ್ಕಳ ಕಾರ್ಯಕ್ರಮವು ಇದಕ್ಕೊಂದು ಉಪಾಯವನ್ನು ಹೂಡಿತು. ಅದು ಮಕ್ಕಳಿಂದ ಹಣವನ್ನು ಕೇಳಲಿಲ್ಲ. ಬೆಳ್ಳಿಬಣ್ಣದ ಲೋಹದ ಹಾಳೆಯನ್ನೂ ಹಾಲಿನ ಸೀಸೆಗಳ ಮುಚ್ಚಳಗಳನ್ನೂ ಕೇಳಿತು. ಅವನ್ನು ಮಾರಿ ಬಂದ ಹಣದಿಂದ ಸಿದ್ಧವಾದ ನಾಯಿಯ ಹೆಸರು 'ಹನಿ'. ಇಂಗ್ಲಿಷಿನಲ್ಲಿ ಇದಕ್ಕೆ ಜೇನು ಎಂದರ್ಥ. ಹನಿಗೂಡಿ ಹಳ್ಳವಾದ ಈ ಕಾರ್ಯಕ್ಕೆ ಕನ್ನಡದಲ್ಲಿಯೂ ಒಪ್ಪುವ ಹೆಸರೇ.

ಎಸೆಯುವ ಚೂರಿಗೆ ಬೆಲೆ ಬಂದುದೇಕೆ? ಅಲ್ಯುಮಿನಿಯಂ ಅದಿರಿನಲ್ಲಿ ಆಮ್ಲಜನಕದೊಡನೆ ಬಿಗಿಯಾಗಿ ಕೂಡಿಕೊಂಡಿರುತ್ತದೆ. ಅದನ್ನು ವಿದ್ಯುದ್ವಿಭಜನೆಯಿಂದ ಬೇರ್ಪಡಿಸಲು 1 ಕಿಲೋಗ್ರಾಂ ಲೋಹಕ್ಕೆ ಸುಮಾರು 14 ಯೂನಿಟ್ ವಿದ್ಯುತ್ತು ಬೇಕು. ಹಳೆಯ ಲೋಹವನ್ನಾದರೋ ಕರಗಿಸಿದರೆ ಸಾಕು. ಲೆಕ್ಕವನ್ನು ನೋಡೋಣ. ಅದರ ವಿಶಿಷ್ಟೋಷ್ಣವು ಕಿಲೋಗ್ರಾಂ ಡಿಗ್ರಿಗೆ ಸುಮಾರು 0.9 ಕಿಲೋಜೌಲ್. 30 ಡಿಗ್ರಿಯಿಂದ ಕರಗುವ ಬಿಂದುವಾದ 660 ಡಿಗ್ರಿ ಸೆಂಟಿಗ್ರೇಡಿಗೆ ಏರಿಸಲು 567 ಕಿಲೋಜೌಲ್; ಕರಗಿಸುವ ಗುಪ್ತೋಷ್ಣ ಸುಮಾರು 397. ಒಟ್ಟು 964 ಕಿಲೋಜೌಲ್, ಎಂದರೆ ಸುಮಾರು 0.27 ಯೂನಿಟ್. ಕುಲುಮೆಯಲ್ಲಿ ನಷ್ಟವಾಗುವ ಶಾಖವನ್ನು ಸೇರಿಸಿದರೂ ಹೊಸ ಲೋಹಕ್ಕೆ ತಗಲುವ ಶಕ್ತಿಯ ಇಪ್ಪತ್ತರಲ್ಲೊಂದು ಪಾಲು ಮಾತ್ರ. ಉಳಿದ ಶಕ್ತಿಯ ಬೆಲೆಯೇ ಚೂರಿನ ಬೆಲೆ.

ಇನ್ನಂಜೆಯಂತಹ ಊರಿನ ಶಾಲೆಯಲ್ಲಿಯೂ ವಿದ್ಯಾರ್ಥಿಗಳು ಇದನ್ನು ಕೈಗೊಳ್ಳಬಹುದು. ಹಾಳೆಯನ್ನು ಮುದುಡಿ ನೋಡಿರಿ: ಮುದ್ದೆಯಾಗಿಯೇ ಉಳಿದರೆ ಅಲ್ಯುಮಿನಿಯಂ, ಮತ್ತೆ ಅರಳಿದರೆ ಲೋಹವನ್ನು ಲೇಪಿಸಿದ ಪ್ಲಾಸ್ಟಿಕ್, ಅದು ಈ ಕೆಲಸಕ್ಕೆ ಬಾರದು. ತೊಳೆದು ಒಣಗಿಸಿ ಉಂಡೆಯಾಗಿ ಒತ್ತಿಡಬೇಕು. ತೆಳುಹಾಳೆಯ ಹೊರಮೈ ವಿಸ್ತಾರವಾದುದರಿಂದ ಕುಲುಮೆಯಲ್ಲಿ ಅದರ ಒಂದು ಭಾಗವು ಆಕ್ಸೈಡ್ ಆಗಿ ನಷ್ಟವಾಗುತ್ತದೆ. ಮನೆಯಲ್ಲಿ ಕರಗಿಸಲು ಹೋಗದೆ ಗುಜರಿಯವರಿಗೆ ಮಾರುವುದು ಕ್ಷೇಮ.

2011ರ ಜನಗಣತಿಯಂತೆ ಕರ್ನಾಟಕದಲ್ಲಿ ಅಂಗವಿಕಲರು ಸುಮಾರು 13 ಲಕ್ಷ. ಕಾಲುಹಾದಿಯಿಲ್ಲದ, ಬೀದಿನಾಯಿಗಳು ಅಡ್ಡಗಟ್ಟುವ ರಸ್ತೆಯಲ್ಲಿ ತರಬೇತು ಪಡೆದ ನಾಯಿಯೂ ಕಷ್ಟಪಡುತ್ತದೆ. ಆದುದರಿಂದ ನಮ್ಮ ಮೊದಲ ಸಂಗ್ರಹವು ಬಿಳಿಯ ಕೋಲಿಗೆ, ಅಥವಾ ದೆಹಲಿಯ ಐ.ಐ.ಟಿ.ಯಲ್ಲಿ ರೂಪುಗೊಂಡು 2014ರಲ್ಲಿ ಹೊರಬಂದ, ಶ್ರವಣಾತೀತ ಧ್ವನಿಯ ಮಾರ್ದನಿಯಿಂದ ಅಡ್ಡಿಯನ್ನು ಅರಿಯುವ 'ಸ್ಮಾರ್ಟ್‌ಕೇನ್' ಎಂಬ ಸಾಧನಕ್ಕೆ ಸಲ್ಲಬಹುದು. ಸಾಧನವು ಯಾವುದೇ ಆಗಲಿ, ಅದನ್ನು ಬಳಸುವವರನ್ನೇ ಮೊದಲು ಕೇಳಿ ನಿಶ್ಚಯಿಸುವುದು ಯುಕ್ತ. ಏಕೆಂದರೆ ನಡೆಯಬೇಕಾದವರು ಅವರು.